ಎರಡನೇ ಒಡ್ಡಿನ ಆಚೆಯ ಗೂಟಗಳು

ನನ್ನ ತಂಗಿ ಹನ್ನೆರಡು ಕಿಲೋಮೀಟರ್ ಓಡಬೇಕಿತ್ತು. ಯಾರ ಕಣ್ಣಿಗೂ ಬೀಳದೆ ಓಡಬೇಕಿತ್ತು. ಆ ಎರಡನೆಯ ಷರತ್ತು ಇಲ್ಲದಿದ್ದರೆ ಇದನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಆಗ ಅವಳಿಗೆ ಮೂವತ್ತನಾಲ್ಕು. ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಭೂದಾಖಲೆಗಳ ವಿಭಾಗದ ಗುಮಾಸ್ತೆ. ಗುಂಡ್ಲುಪೇಟೆಯ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಿದ್ದಳು. ನಾನು ಒಂದು ದಿನಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಹಿಂದಿನ ವರ್ಷ ಅವಳು ನೌಕರರ ಕ್ರೀಡಾಕೂಟದಲ್ಲಿ ಹತ್ತು ಸಾವಿರ ಮೀಟರ್ ಓಟಕ್ಕೆ ಹೆಸರು ಕೊಟ್ಟು, ಅರ್ಧಕ್ಕೆ ಪಕ್ಕೆ ಹಿಡಿದುಕೊಂಡು ಮೈದಾನದಿಂದ ಆಚೆ ಬಂದಿದ್ದಳು. ಮಾರನೆಯ ದಿನ ಕಚೇರಿಯ ಸೂಪರಿಂಟೆಂಡೆಂಟರು ಎಲ್ಲರೆದುರು, "ಏನಮ್ಮಾ, ಈ ಫೈಲೂ ಪೆಂಡಿಂಗಾ?" ಎಂದರಂತೆ. ಅವಳು ನಗುತ್ತಲೇ ಅದನ್ನು ಮನೆಯಲ್ಲಿ ಹೇಳಿದಳು. ಆದರೆ ಒಂದು ವರ್ಷದಲ್ಲಿ ಐದಾರು ಸಲ ಹೇಳಿದಳು.

ಈ ಸಲದ ಕೂಟಕ್ಕೆ ಒಂದೂವರೆ ತಿಂಗಳಿತ್ತು. ಅದಕ್ಕೆ ಮೊದಲು ಒಂದು ಸಲವಾದರೂ ಪೂರ್ತಿ ದೂರವನ್ನು, ಅದಕ್ಕಿಂತ ಸ್ವಲ್ಪ ಹೆಚ್ಚೇ, ನಿಲ್ಲದೆ ಓಡಿ ನೋಡಬೇಕು ಎಂಬುದು ಅವಳ ಹಟ. ಎಲ್ಲಿ ಓಡುವುದು ಎಂಬುದು ಪ್ರಶ್ನೆ. ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ಹೊತ್ತು ಕ್ರಿಕೆಟ್ ಹುಡುಗರು, ವಾಕಿಂಗ್ ಬರುವ ಪರಿಚಯದವರು. ಊಟಿ ರಸ್ತೆಯಲ್ಲಿ ಲಾರಿಗಳು. ಎಲ್ಲಿ ಹೋದರೂ ನಿಂತು ನೋಡುವವರಿದ್ದರು. ಕೊನೆಗೆ ಹಳ್ಳದ ದಾರಿಯನ್ನು ಸೂಚಿಸಿದವನು ನಾನು.

ಹಂಗಳದ ಕಡೆಯಿಂದ ಇಳಿದು ಬರುವ ಆ ಹಳ್ಳದ ದಂಡೆಗುಂಟ ಒಂದು ಹಳೆಯ ಬಂಡಿದಾರಿ ಇದೆ. ಒಂದು ಕಡೆ ಹೊಂಗೆ, ನೇರಳೆ, ಲಕ್ಕಿ ಗಿಡಗಳು, ಅವುಗಳ ಸಂದಿನಲ್ಲಿ ನೀರು. ಇನ್ನೊಂದು ಕಡೆ ಅರಿಶಿನ, ಜೋಳ, ಚೆಂಡುಹೂವಿನ ಹೊಲಗಳು. ತಲೆಯೆತ್ತಿದರೆ ದೂರದಲ್ಲಿ ಬೆಟ್ಟದ ಸಾಲು. ದಾರಿ ಕಲ್ಲಿಲ್ಲದ ಮೆತ್ತನೆಯ ಮಣ್ಣು. ಹಳ್ಳಕ್ಕೆ ಎರಡು ಕಡೆ ಒಡ್ಡು ಕಟ್ಟಿದ್ದಾರೆ. ಆ ವರ್ಷ ಮಳೆ ಚೆನ್ನಾಗಿ ಆಗಿ ಎರಡರ ಮೇಲೂ ನೀರು ಹರಿಯುತ್ತಿತ್ತು. ಓಡುವವರಿಗೆಂದೇ ಯಾರೋ ಮಾಡಿಟ್ಟ ಹಾಗಿತ್ತು.

ತಂಗಿ ಕಚೇರಿಯಿಂದ ಗ್ರಾಮ ನಕಾಶೆಗಳ ಜೆರಾಕ್ಸ್ ತಂದಳು. ಮೂರು ಊರಿನ ನಕಾಶೆಗಳನ್ನು ಅಂಟಿಸಿ, ಹಳ್ಳದ ಗೆರೆಯ ಮೇಲೆ ದಾರ ಇಟ್ಟು ದೂರ ಅಳೆದೆವು. ಆಮೇಲೆ ನಾನು ಎರಡು ಭಾನುವಾರ ಹಗಲು ಹೊತ್ತಿನಲ್ಲಿ ಇಡೀ ದಾರಿ ನಡೆದೆ. ಕಂಡದ್ದನ್ನು ಕಂಡ ಕಡೆ ಬರೆಯುವುದು ಕೆಲಸದಿಂದ ಬಂದ ಅಭ್ಯಾಸ. ಎಲ್ಲಿ ಕೆಸರು, ಎಲ್ಲಿ ನಾಯಿ, ಎಲ್ಲಿ ದಾರಿ ಕವಲೊಡೆಯುತ್ತದೆ, ಎಲ್ಲಿಗೆ ಬೈಕು ಬರುತ್ತದೆ, ಎಲ್ಲಿಗೆ ಬರುವುದಿಲ್ಲ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಎರಡನೇ ಒಡ್ಡಿನ ಪುಟದಲ್ಲಿ ಹೀಗಿದೆ: "ಒಡ್ಡಿನ ಆಚೆ ಎರಡೂ ಬದಿ ಜೋಳ. ಅಂಚಿನಲ್ಲಿ ಮೊಣಕಾಲುದ್ದದ ಬಿದಿರು ಗೂಟಗಳು, ತುದಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿದೆ. ಅವರೆ ಬಳ್ಳಿಗೆ?" ಅದರ ಕೆಳಗೆ: "ಬೆಳಿಗ್ಗೆ ಆರರ ನಂತರ ತಗಡು ಬಡಿಯುತ್ತಾರಂತೆ. ಗಿಳಿ ಓಡಿಸಲು."

ಮೊದಲನೆಯದಕ್ಕೆ ಪ್ರಶ್ನೆಚಿಹ್ನೆ ಹಾಕಿದ್ದೆ, ಉತ್ತರ ಹುಡುಕಲಿಲ್ಲ. ಎರಡನೆಯದಕ್ಕೆ ಅದನ್ನೂ ಹಾಕಿರಲಿಲ್ಲ.

ಕೇಳಬೇಕಾದವರನ್ನೆಲ್ಲ ಕೇಳಿದೆ ಎಂದುಕೊಂಡಿದ್ದೆ. ಕೇಳಿದ್ದು ಮಾತ್ರ ಒಂದೇ ವಿಷಯ, ಆನೆ. ಕಾಡಂಚಿನ ಸೀಮೆ. ತಂಗಿಯನ್ನು ಮಬ್ಬುಗತ್ತಲಲ್ಲಿ ಒಬ್ಬಳೇ ಬಿಡುವುದಾದರೆ ಆನೆಯ ಮಾತು ಮೊದಲು ಬರುತ್ತದೆ. ಆ ಭಾಗಕ್ಕೆ ಎರಡು ವರ್ಷದಿಂದ ಆನೆ ಇಳಿದಿಲ್ಲ ಎಂದು ಅರಣ್ಯ ಇಲಾಖೆಯ ವಾಚರ್ ಒಬ್ಬ ಹೇಳಿದ. ಹಂಗಳದ ಚಹಾದಂಗಡಿಯಲ್ಲೂ ಅದನ್ನೇ ಹೇಳಿದರು. ಎರಡು ಕಡೆ ಖಚಿತವಾದರೆ ಸುದ್ದಿ ಸರಿ ಎಂಬುದು ನಾನು ಕಲಿತ ಪಾಠ. ಬರೆದುಕೊಂಡೆ.

ಎರಡನೇ ಒಡ್ಡಿನ ಆಚೆಯ ಜೋಳದ ಹೊಲ ಒಬ್ಬ ಗಂಡ ಹೆಂಡತಿಯದು. ಇಬ್ಬರಿಗೂ ಐವತ್ತು ದಾಟಿತ್ತು. ನಾನು ಹೋದಾಗ ಆಕೆ ಪಂಪ್‌ಸೆಟ್ ಮನೆಯ ನೆರಳಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ತಂಗಿ ಬರುವ ವಾರ ಈ ದಾರಿಯಲ್ಲಿ ಓಡುತ್ತಾಳೆ ಎಂದು ಹೇಳಿದೆ. ಗಂಡ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಪೇಪರ್‌ನೋರು ಅಲ್ವಾ ಸಾ?" ಎಂದು ಕೇಳಿದರು. ಹೌದು ಎಂದೆ. ಅದಕ್ಕೆ ಎರಡು ತಿಂಗಳ ಹಿಂದೆ ಅದೇ ಹಳ್ಳದಲ್ಲಿ ಮರಳು ತೆಗೆಯುವ ಬಗ್ಗೆ ನಾನು ಬರೆದಿದ್ದೆ. ವರದಿ ಬಂದ ಮೂರನೆಯ ದಿನ ಅಧಿಕಾರಿಗಳ ಜೀಪು ಬಂದು, ಪಕ್ಕದ ಊರಿನವರ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿತ್ತು. ಅಲ್ಲಿಂದ ಮುಂದೆ ಮಾತೆಲ್ಲ ಆನೆಯದೇ ಆಯಿತು. ಆನೆ ಬರಕಿಲ್ಲ, ಭಯ ಬ್ಯಾಡ ಎಂದರು. ಹಂದಿ ಬರುತ್ತವೆಯೇ ಎಂದು ನಾನು ಕೇಳಲಿಲ್ಲ. ಅವರಾಗಿ ಹೇಳಲಿಲ್ಲ.

ಓಟದ ಹಿಂದಿನ ದಿನ ಸಂಜೆ ಆಕೆ ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರ ಸಿಕ್ಕರು. ಸೊಪ್ಪು ಮಾರಿ ಖಾಲಿ ಬುಟ್ಟಿ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು ಅವರೇ ಹತ್ತಿರ ಬಂದರು.

"ನಾಳೀಕೇ ಓಡ್ತಾರಾ ನಿಮ್ಮ ತಂಗಿ?"

ಹೌದು, ಐದು ಗಂಟೆಗೂ ಮುಂಚೆ ಶುರು ಎಂದೆ.

"ಬೆಳಕು ಅರುದ್ ಮ್ಯಾಲೆ ಓಡ್ಲಿ ಬುಡಿ."

ಯಾಕೆಂದು ಕೇಳಿದೆ. ಬುಟ್ಟಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದರು. "ಹೆಣ್ಣೆಂಗ್ಸು. ಕತ್ಲಲ್ಲಿ ಯಾಕೆ" ಎಂದರು. ಇನ್ನೂ ಏನೋ ಹೇಳುವಂತೆ ಒಂದು ಕ್ಷಣ ನಿಂತರು. ಅಷ್ಟರಲ್ಲಿ ಬಸ್ಸು ಬಂತು.

ಮನೆಗೆ ಬಂದು ಅದನ್ನೂ ಬರೆದೆ: "ಸ್ಥಳೀಯ ಮಹಿಳೆ: ಬೆಳಕಾದ ಮೇಲೆ ಓಡುವುದು ಒಳ್ಳೆಯದು. ಕಾರಣ ಹೇಳಲಿಲ್ಲ." ತಂಗಿಗೆ ಹೇಳಿದೆ. ಅವಳು ಷೂ ದಾರ ಬಿಗಿಯುತ್ತ, "ಹೆಣ್ಣು ಮಕ್ಕಳಿಗೆ ಎಲ್ಲರೂ ಹೇಳೋದು ಅದನ್ನೇ ಅಲ್ವಾ ಅಣ್ಣ? ಬೆಳಕಾದ ಮೇಲೆ ಓಡಿದರೆ ಇದೇನು ಹೀಗೆ ಓಡ್ತಾಳೆ ಅಂತಾರೆ, ಬೆಳಕಾಗೋ ಮುಂಚೆ ಓಡಿದರೆ ಕತ್ತಲಲ್ಲಿ ಯಾಕೆ ಅಂತಾರೆ" ಎಂದಳು. ಅವಳ ಮಾತು ಸರಿಯೆನ್ನಿಸಿತು. ಸಾವಿರ ಸಲ ಕೇಳಿದ ಬುದ್ಧಿಮಾತಿನ ಒಳಗೆ ಒಂದು ನಿಜವಾದ ಎಚ್ಚರಿಕೆ ಇರಬಹುದೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಹಂಗಳದ ಹತ್ತಿರದ ಸೇತುವೆಯಿಂದ ಅವಳು ಹೊರಟಳು. ಕೈಯಲ್ಲಿ ಸಣ್ಣ ಟಾರ್ಚು. ಮೊಬೈಲು ಇರಲಿಲ್ಲ, ಇದ್ದರೂ ಅಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಯೋಜನೆ ಹೀಗಿತ್ತು. ನಾನು ಮೇಲಿನ ಬಂಡಿದಾರಿಯಲ್ಲಿ ಬೈಕಿನಲ್ಲಿ ಬರುವುದು, ಎರಡು ಕಡೆ ಹಳ್ಳಕ್ಕೆ ಇಳಿದು ನೀರು ಕೊಡುವುದು. ಮೊದಲನೆಯದು ಮೊದಲ ಒಡ್ಡು. ಎರಡನೇ ಒಡ್ಡಿಗೆ ಬೈಕು ಇಳಿಯುವುದಿಲ್ಲ. ಆದ್ದರಿಂದ ಎರಡನೆಯ ಭೇಟಿ ಅದನ್ನೂ ಜೋಳದ ಹೊಲವನ್ನೂ ದಾಟಿ ಮುಂದೆ, ಒಂದು ದೊಡ್ಡ ನೇರಳೆ ಮರದ ಕೆಳಗೆ.

ಮೊದಲ ಒಡ್ಡಿಗೆ ಐದೂ ಆರಕ್ಕೆ ಬಂದಳು. ಅಂದುಕೊಂಡ ಸಮಯ. ನಿಲ್ಲದೆ, ಕಾಲು ಕುಣಿಸುತ್ತಲೇ ಎರಡು ಗುಟುಕು ಕುಡಿದಳು. ಪಕ್ಕೆ ಹೇಗಿದೆ ಎಂದು ಕೇಳಿದೆ. "ಫೈಲು ಮೂವ್ ಆಗ್ತಾ ಇದೆ" ಎಂದು ಹೊರಟುಹೋದಳು. ಟಾರ್ಚಿನ ಬೆಳಕು ಲಕ್ಕಿ ಗಿಡಗಳ ಹಿಂದೆ ಮಿಣುಕುತ್ತ ಮರೆಯಾಯಿತು.

ನಾನು ಬೈಕು ಹತ್ತಿದೆ. ಮೋಡ ಕವಿದು ಇನ್ನೂ ಕತ್ತಲೆ. ಐದೂ ಇಪ್ಪತ್ತರ ಹೊತ್ತಿಗೆ ಒಂದು ತಿರುವಿನಲ್ಲಿ ಹೆಡ್‌ಲೈಟಿನ ಬೆಳಕು ಪಕ್ಕದ ಹೊಲದ ಅಂಚಿಗೆ ಬಿತ್ತು. ಅಲ್ಲಿ ಬಿದಿರು ಗೂಟಗಳಿದ್ದವು. ತುದಿಗೆ ಟ್ಯೂಬಿನ ಚೂರುಗಳಿದ್ದವು. ಗೂಟದಿಂದ ಗೂಟಕ್ಕೆ ಎಳೆದ ತಂತಿ ಬೆಳಕಿಗೆ ಒಂದು ಗೆರೆಯಂತೆ ಹೊಳೆಯಿತು. ಕೆಳಗೆ ಒಂದು ನರಿ ಕಾಲು ಚಾಚಿ ಬಿದ್ದಿತ್ತು.

ಬೈಕು ನಿಲ್ಲಿಸಿದೆ. ಕಾಲು ನೆಲಕ್ಕೆ ಇಡುವ ಮೊದಲು ನೆಲ ನೋಡಿದೆ.

ಹಂದಿಗೆ ಕರೆಂಟು ತಂತಿ ಬಿಡುವ ವಿಷಯ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಥ ತಂತಿ ತಗುಲಿದ ಸಾವುಗಳನ್ನು ಬೇರೆ ಹೋಬಳಿಗಳಿಂದ ವರದಿ ಮಾಡಿದ್ದೆ. ಆದರೆ ನಾನು ತಲುಪುವ ಹೊತ್ತಿಗೆ ಯಾವಾಗಲೂ ಹಗಲು. ತಂತಿ ಎತ್ತಿಟ್ಟಿರುತ್ತಿದ್ದರು, ಗೂಟ ಕಿತ್ತಿರುತ್ತಿದ್ದರು. ನೋಡಿದ್ದು ಬರಿ ಹೊಲವನ್ನು. ಗೂಟ ಹೇಗಿರುತ್ತದೆ, ಕರೆಂಟು ಗೂಟಕ್ಕೆ ಇಳಿಯದಿರಲೆಂದು ಅದಕ್ಕೆ ರಬ್ಬರ್ ಟ್ಯೂಬು ಸುತ್ತುತ್ತಾರೆ ಎಂಬುದು ಆ ಬೆಳಿಗ್ಗೆಯ ತನಕ ನನಗೆ ತಿಳಿದಿರಲಿಲ್ಲ. ಮುಸ್ಸಂಜೆಗೆ ತಂತಿ ಎಳೆದು ಪಂಪ್‌ಸೆಟ್ಟಿನ ಲೈನಿನಿಂದ ಕರೆಂಟು ಕೊಡುತ್ತಾರೆ, ಬೆಳಕು ಹರಿದಾಗ ಸುರುಳಿ ಸುತ್ತಿ ಒಳಗಿಡುತ್ತಾರೆ. ರಾತ್ರಿ ಆ ದಾರಿಯಲ್ಲಿ ಊರಿನವರು ಯಾರೂ ಓಡಾಡುವುದಿಲ್ಲ. ಆದ್ದರಿಂದ ಹೊಲ ಎರಡೂ ಬದಿಗಿದ್ದರೆ ದಾರಿಗೂ ಅಡ್ಡ ಎಳೆಯುತ್ತಾರೆ.

ಎರಡನೇ ಒಡ್ಡಿನ ಆಚೆ ಹೊಲ ಎರಡೂ ಬದಿಗಿತ್ತು.

ಲೆಕ್ಕ ಹಾಕಿದೆ. ಅವಳು ಓಡುತ್ತಿದ್ದ ವೇಗಕ್ಕೆ ಐದೂ ಮೂವತ್ತನಾಲ್ಕು, ಮೂವತ್ತೈದಕ್ಕೆ ಆ ಹೊಲ. ಹೊಲಗಳನ್ನು ಹಾದು ನೇರ ಇಳಿದರೆ ಬೇಗ ಮುಟ್ಟಬಹುದಿತ್ತು. ಆದರೆ ಈಗ ಯಾವ ಹೊಲದಲ್ಲಿ ಏನಿದೆಯೋ ಗೊತ್ತಿರಲಿಲ್ಲ. ಉಳಿದದ್ದು ನೇರಳೆ ಮರದ ತನಕ ಬೈಕು, ಅಲ್ಲಿಂದ ಹಳ್ಳದ ದಾರಿಯಲ್ಲಿ ಅವಳಿಗೆ ಎದುರಾಗಿ ಮೇಲಕ್ಕೆ ನಡಿಗೆ. ಮರದ ಕೆಳಗೆ ಬೈಕು ಬಿಟ್ಟಾಗ ಐದೂ ಇಪ್ಪತ್ತೆಂಟು. ಸ್ಟ್ಯಾಂಡ್ ಹಾಕಲಿಲ್ಲ. ಅದು ಬಿದ್ದ ಸದ್ದು ಹಿಂದಿನಿಂದ ಕೇಳಿಸಿತು.

ಓಡಲು ಆಗಲಿಲ್ಲ. ಓಡಿದರೆ ನನ್ನ ಮೊಣಕಾಲೇ ಮೊದಲು ತಂತಿಗೆ ತಗಲುತ್ತಿತ್ತು. ಟಾರ್ಚನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಹಿಡಿದು ಬಗ್ಗಿಕೊಂಡು ನಡೆದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಅವಳ ಹೆಸರು ಹಿಡಿದು ಕೂಗಿದೆ. ಒಡ್ಡಿನ ಮೇಲಿಂದ ಬೀಳುವ ನೀರಿನ ಸದ್ದು ಕೂಗನ್ನು ನುಂಗಿಬಿಡುತ್ತಿತ್ತು. ದಾರಿಗೆ ಬಾಗಿದ ಒಂದು ಹುಲ್ಲಿನ ಎಸಳು ಬೆಳಕಿಗೆ ತಂತಿಯಂತೆ ಕಂಡು ಅಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆನೋ ಹೇಳಲಾರೆ. ಕೈಗಡಿಯಾರ ಐದೂ ಮೂವತ್ತೆಂಟು ತೋರಿಸಿದಾಗ ಮತ್ತೆ ಕೂಗಿದೆ. ಯಾವ ಉತ್ತರವೂ ಬರಲಿಲ್ಲ. ಅವಳು ಅಷ್ಟರಲ್ಲಿ ನನಗೆ ಎದುರಾಗಬೇಕಿತ್ತು.

ತಿರುವು ದಾಟಿದಾಗ ಎದುರಿಗೆ ಎರಡು ಬೆಳಕು ಕಂಡವು. ಒಂದು ತಂಗಿಯ ಟಾರ್ಚು, ನೆಲಕ್ಕೆ ಬಿದ್ದು ಉರಿಯುತ್ತಿತ್ತು. ಇನ್ನೊಂದು ಲಾಟೀನು, ದಾರಿಯ ಪಕ್ಕದ ಕಲ್ಲಿನ ಮೇಲೆ. ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ ಹೊಲದೊಡತಿ ದಾರಿಯ ನಡುವೆ ನಿಂತು, ತಂಗಿಯ ಎರಡೂ ಮಣಿಕಟ್ಟುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ತಂಗಿ ಕೊಸರಾಡುತ್ತಿದ್ದಳು. ಐದು ನಿಮಿಷ ಹಾಳಾಯಿತು, ಕೈ ಬಿಡಿ, ನಿಮಗೇನು ತೊಂದರೆ ಎಂದು ಬೈಯುತ್ತಿದ್ದಳು. ಆಕೆ ಕಾರಣ ಹೇಳುತ್ತಿರಲಿಲ್ಲ. ವಸಿ ತಡಿ, ವಸಿ ತಡಿ ಎನ್ನುವುದೊಂದೇ.

ಅವರಿಬ್ಬರಿಗೂ ನನಗೂ ನಡುವೆ ಹತ್ತು ಮಾರು ದೂರ. ಅದರ ನಡುಮಧ್ಯೆ, ಈ ಗೂಟದಿಂದ ಆ ಗೂಟಕ್ಕೆ, ತಂತಿ ಇತ್ತು.

ನಾನು ಹೆಜ್ಜೆ ಕಿತ್ತಿಟ್ಟದ್ದನ್ನು ಆಕೆ ನೋಡಿದರು. "ಅಲ್ಲೇ ನಿಂತ್ಕಳಿ ಸಾ" ಎಂದರು. ಹೇಳಿದ ಮೇಲೆ, ಹೇಳಿಬಿಟ್ಟೆ ಎಂಬಂತೆ ಒಂದು ಕೈ ತೆಗೆದು ಬಾಯಿ ಮೇಲೆ ಸೆರಗು ಇಟ್ಟುಕೊಂಡರು.

"ಗೊತ್ತಾಯ್ತು. ತಂತಿ" ಎಂದೆ.

ತಂಗಿ ಕೊಸರುವುದನ್ನು ನಿಲ್ಲಿಸಿದಳು. ಟಾರ್ಚು ಎತ್ತಿಕೊಂಡು ದಾರಿಯ ಮೇಲೆ ಬೆಳಕು ಆಡಿಸಿದಳು. ತಂತಿ ಕಂಡಾಗ ಎರಡು ಹೆಜ್ಜೆ ಹಿಂದೆ ಸರಿದು, ನೆಲದಲ್ಲೇ ಕೂತುಬಿಟ್ಟಳು.

ಆಮೇಲೆ ಆಕೆ ಮಾತಾಡಿದರು. ನನ್ನ ಕಡೆ ನೋಡಲಿಲ್ಲ, ಲಾಟೀನಿಗೆ ಹೇಳುವಂತೆ ಹೇಳಿದರು.

"ಐತೆ ಅಂತ ನಿಮ್ಗೆ ಯೋಳುದ್ರೆ ಜೀಪ್ ಬತ್ತದೆ. ಯೋಳ್ದೆ ಬುಟ್ರೆ ಈ ಮಗ ಸಾಯ್ತದೆ. ಒಂದಿನ ತಂತಿ ಬುಡ್ಬ್ಯಾಡ ಅಂದ್ರೆ ಇವ್ರು ಕೇಳ್ನಿಲ್ಲ, ತೆನೆ ಹಾಲ್ ತುಂಬ್ಕಂಡದೆ, ಒಂದೇ ರಾತ್ರೀಲಿ ಹಂದಿ ಎಲ್ಲಾನೂ ಮಲುಗುಸ್ಬುಡ್ತವೆ ಅಂದ್ರು. ಅದ್ಕೇ ನಾನೇ ಬಂದು ನಿಂತ್ಕಂಡೆ."

ಎಷ್ಟು ಹೊತ್ತಿನಿಂದ ಎಂದು ಕೇಳಿದೆ. ಕೋಳಿ ಕೂಗುವ ಮೊದಲಿಂದ ಎಂದರು.

ಮಾತು ಕೇಳಿ ಪಂಪ್‌ಸೆಟ್ ಮನೆಯಿಂದ ಗಂಡ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು. ಹೆಂಡತಿಯನ್ನು ನೋಡಿದರು, ತಂಗಿಯನ್ನು ನೋಡಿದರು, ತಂತಿಯ ಈಚೆ ನಿಂತಿದ್ದ ನನ್ನನ್ನು ನೋಡಿದರು. ಅವರ ಕಣ್ಣು ನನ್ನ ಜೇಬಿನಲ್ಲಿದ್ದ ನೋಟ್‌ಬುಕ್ ಮೇಲೆ ನಿಂತಿತು. ಕರೆಂಟು ತೆಗೆಯಿರಿ ಎಂದು ಹೆಂಡತಿ ಮೆಲ್ಲಗೆ ಹೇಳಿದರು. ಅವರು ಕದಲಲಿಲ್ಲ.

"ಏನ್ ಬರ್ಕಂಡಿದ್ದೀರಿ ಸಾ ಅದ್ರಲ್ಲಿ?"

ಮೊದಲು ಕರೆಂಟು ತೆಗೆಯಲಿ, ಆಮೇಲೆ ನೋಟ್‌ಬುಕ್ಕೇ ಕೊಡುತ್ತೇನೆ ಎಂದೆ. ಅವರು ಯೋಚಿಸಿದರು. ಪಂಪ್‌ಸೆಟ್ ಮನೆಗೆ ಹೋದರು. ಒಳಗೆ ಏನೋ ಕಳಚಿದ ಸದ್ದಾಯಿತು. ಹೊರಗೆ ಬಂದು, ಕಂಬಳಿಯ ಚುಂಗು ಸುತ್ತಿದ ಕೈಯಿಂದ ಗೂಟದಿಂದ ತಂತಿ ಬಿಡಿಸಿ, ಮೊಳಕೈಗೆ ಸುತ್ತಿಕೊಳ್ಳುತ್ತ ನನ್ನ ತನಕ ಬಂದರು. ನಾನು ಎರಡನೇ ಒಡ್ಡಿನ ಪುಟ ತೆಗೆದು ಕೊಟ್ಟೆ. ಲಾಟೀನಿನ ಹತ್ತಿರ ಹಿಡಿದು, ಅಕ್ಷರ ಕೂಡಿಸಿ ಓದಿದರು. ಮುಖದಲ್ಲಿ ಮೊದಲು ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಓದಿದರು.

"ಅವರೆ ಬಳ್ಳಿಗೆ ಟ್ಯೂಬು ಯಾರ್ ಸಾ ಕಟ್ಟಾರು?" ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇವ್ರಿಗೆ ಹೆದ್ರುಕಂಡಿದ್ವಲ್ಲಮ್ಮಿ ನಾವು."

ಆಕೆ ನಗಲಿಲ್ಲ. ತಂಗಿ ನಕ್ಕಳು, ನಗು ನಿಲ್ಲಿಸಲಾಗದೆ ಆಮೇಲೆ ಅತ್ತಳು. ಆಕೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿ ಕೂತರು.

ನಾನು ಹೇಳಬೇಕಾದ್ದನ್ನು ಅಲ್ಲೇ ಹೇಳಿದೆ. ಈ ತಂತಿಯ ಬಗ್ಗೆ ಬರೆಯುತ್ತೇನೆ. ನಿಮ್ಮ ಹೊಲ, ನಿಮ್ಮ ಊರು ಹಾಕುವುದಿಲ್ಲ. ಮತ್ತೆ ದಾರಿಗೆ ಅಡ್ಡ ಎಳೆದರೆ ಅದನ್ನೂ ಹಾಕುತ್ತೇನೆ. ಅವರು ಸುರುಳಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಹಂದಿಗೆ ಏನು ಮಾಡಲಿ, ಅದನ್ನೂ ಬರೀತೀರಾ ಎಂದು ಕೇಳಿದರು. ಬರೆಯುತ್ತೇನೆ ಎಂದೆ. ಎರಡನ್ನೂ ಬರೆದೆ. ಎರಡನೆಯದನ್ನು ಪತ್ರಿಕೆಯಲ್ಲಿ ಜಾಗವಿಲ್ಲವೆಂದು ಕತ್ತರಿಸಿದರು. ಆಮೇಲೆ ಅವರು ತಂತಿಯನ್ನು ದಾರಿ ಬಿಟ್ಟು ಹೊಲದ ಒಳಗಡೆಗೆ ಸರಿಸಿಕೊಂಡರೆಂದು ಆಕೆಯಿಂದ ತಿಳಿಯಿತು. ಅದರಿಂದ ವಿಷಯ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಒಂದು ಜೀವ ಉಳಿಸಿದವರ ಹೊಲ ಎಂಬ ಕಾರಣಕ್ಕೆ ನಾನು ಒಂದು ವಿವರವನ್ನು ಮುಚ್ಚಿಟ್ಟೆ. ಅದು ನನ್ನ ಕೆಲಸದ ನಿಯಮಕ್ಕೆ ಹೊಂದುವುದಿಲ್ಲ, ಗೊತ್ತಿದೆ.

ಅಷ್ಟರಲ್ಲಿ ಬೆಟ್ಟದ ಮೇಲೆ ಬೂದಿಬಣ್ಣದ ಬೆಳಕು ಬಂದಿತ್ತು. ಜೋಳದ ಗರಿಗಳು ಒಂದೊಂದಾಗಿ ಕಾಣತೊಡಗಿದವು. ತಂಗಿ ಎದ್ದು, ಷೂ ಬಿಚ್ಚಿ ಮತ್ತೆ ಕಟ್ಟಿದಳು. ಇಲ್ಲಿಂದ ಮುಂದೆ ಎಷ್ಟು ಹೊಲದಲ್ಲಿ ದಾರಿಗೆ ತಂತಿ ಇದೆ ಎಂದು ಕೇಳಿದಳು. ಊರ ತನಕ ಇನ್ನೂ ನಾಲ್ಕು ಎಂದು ಗಂಡ ಹೇಳಿದರು. ಆ ಹೊಲದವರು ತಂತಿ ಎತ್ತಿದ್ದು ಹೇಗೆ ಗೊತ್ತಾಗುತ್ತದೆ ಎಂದಳು.

ಆಕೆ ಪಂಪ್‌ಸೆಟ್ ಮನೆಯ ಗೋಡೆಗೆ ತೂಗುಹಾಕಿದ್ದ ತುಕ್ಕು ಹಿಡಿದ ತಗಡು ಇಳಿಸಿ, ಕಲ್ಲಿನಿಂದ ಬಡಿದರು. ಐದಾರು ಏಟು. ನಿಲ್ಲಿಸಿ ಕಿವಿಗೊಟ್ಟರು. ಸ್ವಲ್ಪ ಹೊತ್ತು ನೀರಿನ ಸದ್ದು ಮಾತ್ರ ಇತ್ತು. ಆಮೇಲೆ ಕೆಳಗಡೆಯಿಂದ, ನೇರಳೆ ಮರದ ಆಚೆಯಿಂದ, ಇನ್ನೊಂದು ತಗಡು ಬಡಿಯಿತು.

"ಅಲ್ಲೀಗಂಟ ಎತ್ತಾಯ್ತು. ಓಗವ್ವ" ಎಂದರು.

ಗಿಳಿ ಓಡಿಸಲು ಎಂದು ನಾನು ಬರೆದಿದ್ದೆ.

ಆರೂ ಹತ್ತಕ್ಕೆ ತಂಗಿ ಮತ್ತೆ ಓಡಲು ಶುರುಮಾಡಿದಳು. ನಾನು ಹಿಂದಿನಿಂದ ನನಗಾದಷ್ಟು ವೇಗದಲ್ಲಿ ಓಡಿದೆ, ಮರದ ಕೆಳಗೆ ಬಿದ್ದಿದ್ದ ಬೈಕು ದಾಟಿ ಮುಂದೆಯೂ. ಮೊದಲ ತಗಡಿನ ಹೊಲ ದಾಟುವ ಹೊತ್ತಿಗೆ ಮುಂದಿನದು ಬಡಿಯಿತು, ಅದಾದ ಮೇಲೆ ಇನ್ನೊಂದು, ಇನ್ನೂ ದೂರದಲ್ಲಿ. ದಾರಿಯಲ್ಲಿ ಜನ ಆಗಲೇ ಬರತೊಡಗಿದ್ದರು. ಕುಡುಗೋಲು ಹಿಡಿದವರು, ಎಮ್ಮೆ ಹೊಡೆದುಕೊಂಡು ಬಂದವರು. ಅವಳು ಯಾರ ಕಣ್ಣು ತಪ್ಪಿಸಲು ಆ ಹೊತ್ತನ್ನು ಆರಿಸಿಕೊಂಡಿದ್ದಳೋ ಅವರೆಲ್ಲ ದಾರಿ ಬಿಟ್ಟು ಬದಿಗೆ ನಿಂತು ಅವಳನ್ನೇ ನೋಡಿದರು. ಒಬ್ಬ ಮುದುಕಿ ಎಮ್ಮೆಯ ಹಗ್ಗ ಹಿಡಿದುಕೊಂಡೇ ಕೇಳಿದಳು.

"ಯಾರವ್ವಾ ಅಟ್ಟುಸ್ಕ ಬತ್ತಾವ್ರೆ?"

"ನಮ್ಮಣ್ಣ" ಎಂದಳು ತಂಗಿ, ವೇಗ ತಗ್ಗಿಸದೆ. ಮುದುಕಿ ನನ್ನ ಕಡೆ ತಿರುಗಿ, ಈ ಓಟಕ್ಕೆ ಅವಳು ಸಿಕ್ಕಂಗೇ ಎಂಬಂತೆ ತಲೆ ಅಲ್ಲಾಡಿಸಿದಳು.

ಕೆಳಗಿನ ಹೊಲದಲ್ಲಿ ಕೊನೆಯ ತಗಡು ಇನ್ನೂ ಬಡಿದಿರಲಿಲ್ಲ. ತಂಗಿ ಆ ಹೊಲದ ಅಂಚಿನಲ್ಲಿ ನಿಂತಳು. ಕಾಲು ಕುಣಿಸುತ್ತ, ಕಿವಿಗೊಟ್ಟು ನಿಂತಳು. ಸದ್ದು ಬಂದ ಮೇಲೆ ಓಡಿದಳು.